ಜನ ಆರಿಸಿದವನನ್ನು ಪಕ್ಷದ ದೊಡ್ಡವರೇ ಬೇಡ ಅಂದಾಗ: 2016ರ ರಿಪಬ್ಲಿಕನ್ ಬಂಡಾಯದ ಬಗ್ಗೆ

ಹಳೇಪೇಪರ್

ನಮ್ಮಲ್ಲಿ ಟಿಕೆಟ್ ಹಂಚೋದು ಹೈಕಮಾಂಡ್. ಬಿ ಫಾರಂ ಯಾರ ಕೈಗೆ ಬಂತೋ ಅವರೇ ಅಭ್ಯರ್ಥಿ. ಬಂಡಾಯ ಏಳೋರು ಏನಿದ್ದರೂ ಕೆಳಗಿನವರು. ಅಮೆರಿಕದ ರಿಪಬ್ಲಿಕನ್ ಪಕ್ಷದಲ್ಲಿ 2016ರಲ್ಲಿ ಆಗಿದ್ದು ಇದರ ಉಲ್ಟಾ. ಡೊನಾಲ್ಡ್ ಟ್ರಂಪ್‌ಗೆ ಟಿಕೆಟ್ ಕೊಟ್ಟವರು ಮತದಾರರು, ಬಂಡಾಯ ಎದ್ದವರು ದೊಡ್ಡವರು. ಮಾಜಿ ಅಧ್ಯಕ್ಷರಾದ ಬುಷ್ ಅಪ್ಪ-ಮಗ ಇಬ್ಬರೂ ಬೆಂಬಲ ಕೊಡಲಿಲ್ಲ. 2012ರ ಅಭ್ಯರ್ಥಿ ಮಿಟ್ ರಾಮ್ನಿ ಕೊಡಲಿಲ್ಲ. ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸೋ ಪಕ್ಷದ ಸಮಾವೇಶ ನಡೆದ ಒಹಾಯೊ ರಾಜ್ಯದ ಗವರ್ನರ್, ಅದೇ ಪಕ್ಷದ ಜಾನ್ ಕೇಸಿಕ್, ಸಮಾವೇಶದ ಸಭಾಂಗಣಕ್ಕೆ ಕಾಲಿಡಲಿಲ್ಲ.

ಈ ವಿಷಯ ಎತ್ತಿದರೆ ಸಾಕು, ಎಲ್ಲರೂ ಟ್ರಂಪ್ ಒಳ್ಳೆಯವನಾ ಕೆಟ್ಟವನಾ ಅನ್ನೋದಕ್ಕೇ ಹೋಗಿ ನಿಲ್ಲುತ್ತಾರೆ. ಇಲ್ಲಿ ಅದು ಬೇಡ. ನನ್ನ ಪ್ರಶ್ನೆ ಬೇರೆ. ಅಷ್ಟೊಂದು ದೊಡ್ಡ ಕುಳಗಳು ಸೇರಿ ಒಬ್ಬನನ್ನು ತಡೆಯೋಕೆ ಯಾಕೆ ಆಗಲಿಲ್ಲ?

ನನಗೆ ಕಾಣೋದು ಇಷ್ಟು. ಇವನು ಬೇಡ ಅಂತ ಎಲ್ಲರೂ ಹೇಳಿದರು. ಇವನ ಬದಲು ಯಾರು ಅಂತ ಒಟ್ಟಿಗೆ ಯಾವತ್ತೂ ಹೇಳಲಿಲ್ಲ. ರಾಮ್ನಿ ಭಾಷಣವನ್ನೇ ತಗೊಳ್ಳಿ. 2016ರ ಮಾರ್ಚ್ 3, ಸಾಲ್ಟ್ ಲೇಕ್ ಸಿಟಿಯ ಯೂಟಾ ವಿಶ್ವವಿದ್ಯಾಲಯ. ಟ್ರಂಪ್ ಮೋಸಗಾರ ಅಂತ ಮುಲಾಜಿಲ್ಲದೆ ಹೇಳಿದರು. ಆಮೇಲೆ ಟಿಕೆಟ್‌ಗೆ ಸ್ಪರ್ಧಿಸ್ತಿದ್ದ ಉಳಿದವರ ಬಗ್ಗೆ ಕೊಟ್ಟ ಸಲಹೆ ನೋಡಿ: ಫ್ಲೋರಿಡಾದವರು ಅಲ್ಲಿನ ಸೆನೆಟರ್ ರೂಬಿಯೊಗೆ ಹಾಕಿ, ಒಹಾಯೊದವರು ಕೇಸಿಕ್‌ಗೆ ಹಾಕಿ, ಉಳಿದ ಕಡೆ ಯಾರು ಟ್ರಂಪ್‌ನನ್ನು ಸೋಲಿಸುವ ಹಾಗಿದ್ದಾರೋ ಅವರಿಗೆ ಹಾಕಿ. ಇಂಥವರಿಗೇ ನನ್ನ ಬೆಂಬಲ ಅಂತ ಆ ದಿನ ಒಂದು ಹೆಸರು ಹೇಳಲಿಲ್ಲ. ಹದಿನೈದು ದಿನ ಕಳೆದ ಮೇಲೆ ಯೂಟಾದಲ್ಲಿ ಇನ್ನೊಬ್ಬ ಸ್ಪರ್ಧಿ, ಟೆಕ್ಸಸ್ ಸೆನೆಟರ್ ಟೆಡ್ ಕ್ರೂಜ್‌ಗೆ ಮತ ಹಾಕ್ತೀನಿ ಅಂದರು, ಅಷ್ಟೆ.

ಏಪ್ರಿಲ್ ಕೊನೆಯಲ್ಲಿ ಕ್ರೂಜ್, ಕೇಸಿಕ್ ಒಂದು ಒಪ್ಪಂದ ಮಾಡಿಕೊಂಡರು. ಇಂಡಿಯಾನಾ ಕ್ರೂಜ್‌ಗೆ, ಓರೆಗಾನ್ ಮತ್ತು ನ್ಯೂ ಮೆಕ್ಸಿಕೊ ಕೇಸಿಕ್‌ಗೆ. ಭಾನುವಾರ ರಾತ್ರಿ ಹೇಳಿಕೆ ಬಂತು. ಸೋಮವಾರ ಕೇಸಿಕ್ ಪತ್ರಕರ್ತರ ಮುಂದೆ ನಿಂತು, ಇಂಡಿಯಾನಾದವರು ನನಗೇ ಮತ ಹಾಕಬೇಕು ಅಂದುಬಿಟ್ಟರು! ಒಂದು ದಿನವೂ ಬಾಳಲಿಲ್ಲ ಆ ಒಪ್ಪಂದ. ಮೇ 3ಕ್ಕೆ ಇಂಡಿಯಾನಾದಲ್ಲಿ ಟ್ರಂಪ್ ಅರ್ಧಕ್ಕಿಂತ ಜಾಸ್ತಿ ಮತ ತಗೊಂಡ. ಅವತ್ತು ರಾತ್ರಿಯೇ ಕ್ರೂಜ್ ಹಿಂದೆ ಸರಿದ, ಮರುದಿನ ಕೇಸಿಕ್.

ನೀವೇನಂತೀರಿ?

ಅಂಕಿಸಂಖ್ಯೆ

ಲೆಕ್ಕ ಸ್ವಲ್ಪ ಸೇರಿಸ್ತೀನಿ. ಇಲ್ಲದಿದ್ದರೆ "ಜನ ಆರಿಸಿದರು" ಅನ್ನೋ ಮಾತೇ ತೇಲುತ್ತಾ ಹೋಗುತ್ತೆ.

ಆ ವರ್ಷ ರಿಪಬ್ಲಿಕನ್ ಪ್ರೈಮರಿಗಳಲ್ಲಿ (ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರನ್ನೇ ಕೇಳೋ ರಾಜ್ಯವಾರು ಚುನಾವಣೆ) ಬಿದ್ದ ಮತ ಸುಮಾರು 3.1 ಕೋಟಿ. ಟ್ರಂಪ್‌ಗೆ ಬಂದಿದ್ದು ಸುಮಾರು 1.4 ಕೋಟಿ, ಅಂದರೆ ಶೇ. 45ರ ಹತ್ತಿರ. ಅರ್ಧಕ್ಕಿಂತ ಕಡಿಮೆ. ಅದರಲ್ಲೂ ಉಳಿದವರೆಲ್ಲ ಕಣದಿಂದ ಹೋದ ಮೇಲೆ, ಮೇ-ಜೂನ್‌ನಲ್ಲಿ, ಎದುರಾಳಿ ಇಲ್ಲದೆ ಬಿದ್ದ ಮತಗಳೂ ಸೇರಿವೆ.

ಹಾಗಿದ್ದೂ ಸಮಾವೇಶದಲ್ಲಿ ಅಭ್ಯರ್ಥಿಗೆ ಮತ ಹಾಕೋ 2,472 ಪ್ರತಿನಿಧಿಗಳಲ್ಲಿ ಬೇಕಿದ್ದ 1,237 ಹೇಗೆ ದಾಟಿದ? ದಕ್ಷಿಣ ಕ್ಯಾರೊಲಿನಾ ನೋಡಿ. ಫೆಬ್ರವರಿ 20. ಮತ ಶೇ. 32.5. ಸಿಕ್ಕ ಪ್ರತಿನಿಧಿಗಳು 50ಕ್ಕೆ 50. ಫ್ಲೋರಿಡಾದಲ್ಲಿ ಶೇ. 46ಕ್ಕೂ ಸ್ವಲ್ಪ ಕಡಿಮೆ, ಸಿಕ್ಕಿದ್ದು 99ಕ್ಕೆ 99. ಗೆದ್ದವನಿಗೆ ಎಲ್ಲ ಅನ್ನೋ ನಿಯಮ.

ಈ ನಿಯಮ ಇರಲಿ ಅಂದವರು ಯಾರು? ಇದೇ ದೊಡ್ಡವರು. 2012ರಲ್ಲಿ ರಾಮ್ನಿ ಟಿಕೆಟ್ ಗಟ್ಟಿ ಮಾಡಿಕೊಳ್ಳೋಕೆ ತಿಂಗಳುಗಟ್ಟಲೆ ಎಳೆದಾಡಬೇಕಾಯಿತು. ಮುಂದಿನ ಸಲ ಮುಂಚೂಣಿಯಲ್ಲಿ ಇರೋನು ಬೇಗ ಗೆದ್ದು ಮುಗಿಸಲಿ ಅಂತ ಕ್ಯಾಲೆಂಡರ್ ಬಿಗಿ ಮಾಡಿದರು. ಅವರ ಮನಸ್ಸಿನಲ್ಲಿ ಇದ್ದ ಮುಂಚೂಣಿಯವನು ಅದೇ ಬುಷ್ ಮನೆಯ ಜೆಬ್ ಬುಷ್ ತರದವನು. ಬಂದವನು ಬೇರೆ.

ಜಯನಗರ4ನೇಬ್ಲಾಕ್

ಅಂಕಿಸಂಖ್ಯೆಯವರೇ, ಹಾಗಾದರೆ ನಿಮ್ಮ ಲೆಕ್ಕದ ಪ್ರಕಾರವೇ ಶೇ. 55 ಜನ ಅವನನ್ನು ಬೇಡ ಅಂದಿದ್ದಾರೆ. ಪಕ್ಷದ ಹಿರಿಯರು ಅವರ ಪರ ನಿಂತರೆ ತಪ್ಪೇನು?

ನನಗೆ ಈ "ಜನಾದೇಶಕ್ಕೆ ದ್ರೋಹ" ಅನ್ನೋ ಗೋಳು ಅರ್ಥವಾಗಲ್ಲ. ಪಕ್ಷ ಅನ್ನೋದು ಸರ್ಕಾರಿ ಕಚೇರಿ ಅಲ್ಲ, ಅದೊಂದು ಸಂಘ. ಎಷ್ಟೋ ರಾಜ್ಯಗಳಲ್ಲಿ ಪ್ರೈಮರಿ ತೆರೆದ ಬಾಗಿಲು, ಪಕ್ಷದ ಪಟ್ಟಿಯಲ್ಲಿ ಹೆಸರೇ ಇಲ್ಲದವರೂ ಬಂದು ಮತ ಹಾಕಿ ಹೋಗಬಹುದು. ಅಭ್ಯರ್ಥಿ ಸೋತರೆ ಪಕ್ಷ ಮುಳುಗುತ್ತೆ, ಗೆದ್ದರೆ ಅವನು ಮಾಡಿದ್ದಕ್ಕೆಲ್ಲ ಪಕ್ಷ ಉತ್ತರ ಕೊಡಬೇಕು. ಮತ ಹಾಕಿದವನು ಮರುದಿನ ಮನೆಗೆ ಹೋಗ್ತಾನೆ.

ಇನ್ನೊಂದು. ಈ ಪ್ರೈಮರಿಯೇ ಅಂತಿಮ ಅನ್ನೋದು ಅಮೆರಿಕದಲ್ಲಿ ಹಳೇ ಪದ್ಧತಿ ಏನಲ್ಲ, 1972ರಿಂದ ಈಚೆಗೆ ಬಂದಿದ್ದು. ಅದಕ್ಕೆ ಮುಂಚೆ ಸಮಾವೇಶದಲ್ಲಿ ಮುಖಂಡರು ಕೂತು ತೀರ್ಮಾನ ಮಾಡ್ತಿದ್ದರು. ಲಿಂಕನ್ 1860ರಲ್ಲಿ ಶಿಕಾಗೋದಲ್ಲಿ ಮೂರನೇ ಸುತ್ತಿನ ಮತದಾನದಲ್ಲಿ ಆಯ್ಕೆಯಾದದ್ದು, ಮೊದಲ ಸುತ್ತಿನಲ್ಲಿ ಮುಂದೆ ಇದ್ದವನು ಸೀವರ್ಡ್. ಹಾಗೆ ಬಂದವರೆಲ್ಲ ಕೆಟ್ಟವರಾ?

ಬೆಣ್ಣೆದೋಸೆ

ಜಯನಗರ ಸರ್, ಲಿಂಕನ್ ಕಾಲದಲ್ಲಿ ಜನರನ್ನು ಕೇಳಿರಲೇ ಇಲ್ಲ. ಕೇಳದೆ ತೀರ್ಮಾನ ಮಾಡೋದು ಒಂದು. ಕೇಳಿ, ಮತ ಹಾಕಿಸಿ, ಎಣಿಸಿ, ಆಮೇಲೆ ಬೇಡ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಜನ ಸಿಟ್ಟಾಗದೆ ಇರ್ತಾರಾ?

ಹಳೇಪೇಪರ್

ಬೆಣ್ಣೆದೋಸೆ ಹೇಳಿದ್ದಕ್ಕೆ ಸರಿಯಾದ ಉದಾಹರಣೆ 1912. ಅವತ್ತು ದೊಡ್ಡವರು ನಿಜವಾಗಲೂ ಗೆದ್ದರು. ಅದಕ್ಕೇ ಅದನ್ನು ನೋಡಬೇಕು.

ಅದೇ ರಿಪಬ್ಲಿಕನ್ ಪಕ್ಷ. ಅಧ್ಯಕ್ಷ ಟಾಫ್ಟ್ ಮತ್ತೆ ನಿಂತಿದ್ದ. ಅವನನ್ನು ಆ ಕುರ್ಚಿಗೆ ತಂದು ಕೂರಿಸಿದ್ದ ಥಿಯೊಡೋರ್ ರೂಸ್‌ವೆಲ್ಟ್ ಈಗ ಎದುರಾಳಿ. ಕೆಲವು ರಾಜ್ಯಗಳಲ್ಲಿ ಪ್ರೈಮರಿ ಆಗಷ್ಟೇ ಶುರುವಾಗಿತ್ತು. ಅಂಥ ಹನ್ನೆರಡು ರಾಜ್ಯಗಳಲ್ಲಿ ಒಂಬತ್ತನ್ನು ರೂಸ್‌ವೆಲ್ಟ್ ಗೆದ್ದ. ಟಾಫ್ಟ್‌ನ ಸ್ವಂತ ರಾಜ್ಯ ಒಹಾಯೊದಲ್ಲೂ ಗೆದ್ದ!

ಆದರೆ ಪಕ್ಷದ ಯಂತ್ರ ಟಾಫ್ಟ್ ಕೈಯಲ್ಲಿ ಇತ್ತು. ದಕ್ಷಿಣದ ರಾಜ್ಯಗಳಲ್ಲಿ ರಿಪಬ್ಲಿಕನ್ನರಿಗೆ ಮತವೇ ಇಲ್ಲ, ಆದರೂ ಅಲ್ಲಿಂದ ಪ್ರತಿನಿಧಿಗಳು ದಂಡಿಯಾಗಿ ಬರ್ತಿದ್ದರು. ಹೆಚ್ಚಿನವರು ಸರ್ಕಾರಿ ಹುದ್ದೆಗಾಗಿ ಅಧ್ಯಕ್ಷನ ಹಂಗಿನಲ್ಲಿ ಇದ್ದವರು. 254 ಸೀಟುಗಳ ಬಗ್ಗೆ ತಕರಾರು ಬಂತು. ಪಕ್ಷದ ರಾಷ್ಟ್ರೀಯ ಸಮಿತಿ 235ನ್ನು ಟಾಫ್ಟ್‌ಗೆ ಕೊಟ್ಟು 19ನ್ನು ರೂಸ್‌ವೆಲ್ಟ್‌ಗೆ ಬಿಟ್ಟಿತು. ಕ್ಯಾಲಿಫೋರ್ನಿಯಾದ ಕತೆ ಇನ್ನೂ ಚೆನ್ನಾಗಿದೆ. ಅಲ್ಲಿನ ಕಾನೂನಿನ ಪ್ರಕಾರ ರಾಜ್ಯ ಗೆದ್ದವನಿಗೆ 26ಕ್ಕೆ 26. ರೂಸ್‌ವೆಲ್ಟ್ ಗೆದ್ದಿದ್ದ. ಸಮಾವೇಶ ಅದರಲ್ಲೂ ಎರಡು ಸೀಟು ಕಿತ್ತು ಟಾಫ್ಟ್ ಕಡೆಯವರಿಗೆ ಕೊಟ್ಟಿತು.

ಶಿಕಾಗೋ ಕೊಲಿಸಿಯಂ ಒಳಗೆ ರೂಸ್‌ವೆಲ್ಟ್ ಕಡೆಯವರು ಏನು ಮಾಡಿದರು ಗೊತ್ತಾ? ಪಕ್ಷ ನಮ್ಮ ಮೇಲೆ ರೋಡ್ ರೋಲರ್ ಹರಿಸ್ತಿದೆ ಅಂತ, ಮರಳು ಕಾಗದ ತಂದು ಪರಪರ ಉಜ್ಜಿ, ಬಾಯಲ್ಲಿ ಟೂಟ್ ಟೂಟ್ ಅಂತ ರೋಲರ್ ಸದ್ದು ಮಾಡಿದರು. ಒಂದೊಂದು ಸೀಟಿನ ತೀರ್ಪು ಬಂದಾಗಲೂ ಸಭಾಂಗಣ ತುಂಬ ಅದೇ ಸದ್ದು.

ಟಾಫ್ಟ್ 561 ಮತದಿಂದ ಅಭ್ಯರ್ಥಿಯಾದ. ಬೇಕಿದ್ದದ್ದು 540. ರೂಸ್‌ವೆಲ್ಟ್ ಪರ ಇದ್ದ 344 ಜನ ಮತವನ್ನೇ ಹಾಕಲಿಲ್ಲ. ಅವನು ಹೊರಗೆ ಬಂದು ಬೇರೆ ಪಕ್ಷ ಕಟ್ಟಿದ. ನವೆಂಬರ್‌ನಲ್ಲಿ ಫಲಿತಾಂಶ, ರಾಜ್ಯ ಗೆದ್ದವರಿಗೆ ಸಿಗೋ ಎಲೆಕ್ಟೋರಲ್ ಮತಗಳಲ್ಲಿ: ಡೆಮಾಕ್ರಟಿಕ್ ಪಕ್ಷದ ವಿಲ್ಸನ್ 435, ರೂಸ್‌ವೆಲ್ಟ್ 88, ಹಾಲಿ ಅಧ್ಯಕ್ಷ ಟಾಫ್ಟ್‌ಗೆ ಬರೀ 8. ವರ್ಮಾಂಟ್, ಯೂಟಾ, ಎರಡೇ ರಾಜ್ಯ.

ಒಂದು ಗಮನಿಸಿ. ಅವತ್ತು ದೊಡ್ಡವರ ಹತ್ತಿರ ಒಬ್ಬ ಇದ್ದ. ಟಾಫ್ಟ್. ಹಾಗಾಗಿ ಸಮಾವೇಶ ಗೆಲ್ಲೋಕೆ ಆಯಿತು. 2016ರಲ್ಲಿ ಆ ಜಾಗ ಖಾಲಿ.

ಜಯನಗರ4ನೇಬ್ಲಾಕ್

ಒಪ್ಪಿದೆ, ಆದರೆ ಅದು ನನ್ನ ವಾದಕ್ಕೆ ಉತ್ತರ ಆಗಲಿಲ್ಲ. ಸೋತರು ಅನ್ನೋದಕ್ಕೂ ಹಕ್ಕಿರಲಿಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆ. ಸೋಲ್ತೀವಿ ಅಂತ ಗೊತ್ತಿದ್ದೂ ಬೇಡದವನನ್ನು ಬೇಡ ಅನ್ನೋದು ಕೆಲವೊಮ್ಮೆ ಸರಿಯೇ.

ತುಂಗಾತೀರ

ಇಷ್ಟು ಹೊತ್ತು ಓದ್ತಾ ಇದ್ದೆ. ಇಂಥದ್ದೇ ಒಂದು ಜಗಳ ನಮ್ಮ ಲಾಲ್‌ಬಾಗ್‌ನಲ್ಲಿ ಶುರುವಾಗಿತ್ತಲ್ಲ, ಅದನ್ನ ಯಾರೂ ಎತ್ತಲೇ ಇಲ್ಲ?

1969ರ ಜುಲೈ. ಎಐಸಿಸಿ ಅಧಿವೇಶನ, ಲಾಲ್‌ಬಾಗ್ ಗಾಜಿನ ಮನೆ. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ರಾಷ್ಟ್ರಪತಿ ಜಾಕಿರ್ ಹುಸೇನ್ ಮೇ ತಿಂಗಳಲ್ಲಿ ತೀರಿಕೊಂಡಿದ್ದರು. ಪಕ್ಷದ ಸಂಸದೀಯ ಮಂಡಳಿ ಬೆಂಗಳೂರಿನಲ್ಲೇ ಸೇರಿ, ಇಂದಿರಾ ಗಾಂಧಿ ಬೇಡ ಅಂದರೂ, ಬಹುಮತದಿಂದ ಸಂಜೀವ ರೆಡ್ಡಿ ಹೆಸರು ಆರಿಸಿತು. ರೆಡ್ಡಿಯವರ ನಾಮಪತ್ರಕ್ಕೆ ಇಂದಿರಾ ಅವರೇ ಸಹಿ ಹಾಕಿದರು. ಆಮೇಲೆ ವಿಪ್ ಕೊಡಲ್ಲ ಅಂದರು, ಆತ್ಮಸಾಕ್ಷಿಗೆ ತಕ್ಕ ಹಾಗೆ ಮತ ಹಾಕಿ ಅಂದರು. ಸ್ವತಂತ್ರವಾಗಿ ನಿಂತಿದ್ದ ವಿ. ವಿ. ಗಿರಿ ಗೆದ್ದರು, ಅದೂ ಮೊದಲ ಪ್ರಾಶಸ್ತ್ಯದ ಮತದಲ್ಲಿ ತೀರ್ಮಾನ ಆಗದೆ ಎರಡನೇ ಪ್ರಾಶಸ್ತ್ಯದ ಎಣಿಕೆಗೆ ಹೋಗಿ. ನವೆಂಬರ್‌ನಲ್ಲಿ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು. ಕಾಂಗ್ರೆಸ್ ಎರಡು ಹೋಳು.

2016ರ ಜುಲೈ 20ರಂದು ಒಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿ ಸಮಾವೇಶದ ವೇದಿಕೆಯಲ್ಲಿ ಟೆಡ್ ಕ್ರೂಜ್ ಟ್ರಂಪ್‌ಗೆ ಮತ ಹಾಕಿ ಅನ್ನದೆ, ಆತ್ಮಸಾಕ್ಷಿಗೆ ತಕ್ಕ ಹಾಗೆ ಹಾಕಿ ಅಂದಾಗ ನನಗೆ ತಕ್ಷಣ ನೆನಪಾಗಿದ್ದು ಇದೇ.

ಅಂಕಿಸಂಖ್ಯೆ

ಚೆನ್ನಾಗಿದೆ, ಆದರೆ ಅದು ತಲೆಕೆಳಗಾದ ಉದಾಹರಣೆ. ರೆಡ್ಡಿಯವರನ್ನು ಆರಿಸಿದ್ದು ಸಾಮಾನ್ಯ ಮತದಾರರಲ್ಲ, ಬೆರಳೆಣಿಕೆಯ ಮಂಡಳಿ ಸದಸ್ಯರು. ಅವರ ಆಯ್ಕೆಯನ್ನು ಒಡೆದವರು ಪ್ರಧಾನಿ. ದೊಡ್ಡವರ ಜೊತೆ ದೊಡ್ಡವರ ಜಗಳ. ಹಳೇಪೇಪರ್ ವಾದಕ್ಕೆ ಮಾತ್ರ ಇದು ಚೆನ್ನಾಗಿ ಒದಗುತ್ತೆ. ಇಂದಿರಾ ಹತ್ತಿರ ಗಿರಿ ಇದ್ದರು. ಕ್ರೂಜ್ ಆತ್ಮಸಾಕ್ಷಿ ಅಂದಾಗ ಯಾರ ಹೆಸರು ಇತ್ತು ಹೇಳಿ?

ತುಂಗಾತೀರ

ಅವನ ಸ್ವಂತ ಹೆಸರು. 2020ಕ್ಕೆ.

ಬೆಣ್ಣೆದೋಸೆ

😂 ಅದು ಸರಿ.

ಒಹಾಯೊಕನ್ನಡಿಗ

ನಾನು ಒಹಾಯೊದಲ್ಲಿ ಇರೋನು. ಆ ವಾರ ಪೂರ್ತಿ ಟಿವಿ ಮುಂದೆ ಇದ್ದೆ. ಕ್ರೂಜ್ ಭಾಷಣ ಎಲ್ಲರಿಗೂ ನೆನಪಿದೆ, ಆದರೆ ನಿಜವಾದ ಹೊಡೆದಾಟ ಮುಗಿದದ್ದು ಅದಕ್ಕೂ ಮುಂಚೆ. ಅದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕೆಂದರೆ "ಯಾಕೆ ತಡೆಯೋಕೆ ಆಗಲಿಲ್ಲ" ಅನ್ನೋದಕ್ಕೆ ಉತ್ತರ ಅಲ್ಲಿದೆ.

ಪ್ರತಿನಿಧಿಗಳಲ್ಲಿ ತುಂಬ ಜನ ಟ್ರಂಪ್ ಬೆಂಬಲಿಗರೇ ಅಲ್ಲ. ಇದು ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಪ್ರೈಮರಿಯಲ್ಲಿ ಜನ ಅಭ್ಯರ್ಥಿಗೆ ಮತ ಹಾಕ್ತಾರೆ, ಆದರೆ ಸಮಾವೇಶಕ್ಕೆ ಹೋಗುವ ಪ್ರತಿನಿಧಿ ಯಾರು ಅನ್ನೋದನ್ನು ಎಷ್ಟೋ ರಾಜ್ಯಗಳಲ್ಲಿ ಪಕ್ಷದ ಜಿಲ್ಲಾ ಸಭೆ, ರಾಜ್ಯ ಸಭೆಗಳಲ್ಲಿ ತೀರ್ಮಾನ ಮಾಡ್ತಾರೆ. ಅಲ್ಲಿ ಕ್ರೂಜ್ ಕಡೆಯವರು ಮೊದಲೇ ಹೋಗಿ ಕೂತಿದ್ದರು. ಹೀಗಾಗಿ ಮನಸ್ಸಿನಲ್ಲಿ ಕ್ರೂಜ್, ಕೈಯಲ್ಲಿ ಟ್ರಂಪ್ ಮತ. ಮೊದಲ ಸುತ್ತಿನಲ್ಲಿ ರಾಜ್ಯದ ಫಲಿತಾಂಶಕ್ಕೆ ತಕ್ಕ ಹಾಗೇ ಮತ ಹಾಕಬೇಕು ಅಂತ ಕಟ್ಟುಪಾಡು.

ಈ ಕಟ್ಟು ಬಿಚ್ಚಿ, ನಮ್ಮ ಮನಸ್ಸಿಗೆ ಬಂದವರಿಗೆ ಮತ ಹಾಕೋಕೆ ಬಿಡಿ ಅಂತ ಕೊಲೊರಾಡೊದ ಪ್ರತಿನಿಧಿಯೊಬ್ಬರ ಮುಂದಾಳತ್ವದಲ್ಲಿ ಒಂದು ಗುಂಪು ಎದ್ದಿತು. ಸಮಾವೇಶಕ್ಕೆ ಮೊದಲು, ಜುಲೈ 14ರಂದು, ನಿಯಮ ಸಮಿತಿ ಸೇರಿತು. 56 ರಾಜ್ಯ-ಪ್ರಾಂತ್ಯಗಳಿಂದ ಒಬ್ಬ ಗಂಡಸು, ಒಬ್ಬ ಹೆಂಗಸು, ಒಟ್ಟು 112 ಜನ. ಅದರಲ್ಲಿ 28 ಸಹಿ ಸಿಕ್ಕಿದರೆ ವಿಷಯ ದೊಡ್ಡ ಸಭೆಗೆ ಬರ್ತಿತ್ತು. ಬೆಳಿಗ್ಗೆ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಹಾಕಿಕೊಂಡಿದೆ ಅಂತ ಹೇಳಿ ಸಭೆಯನ್ನು ಗಂಟೆಗಟ್ಟಲೆ ಮುಂದಕ್ಕೆ ಹಾಕಿದರು. ಆ ಹೊತ್ತಿನಲ್ಲಿ ಒಳಗೆ ಮಾತುಕತೆ. ರಾತ್ರಿ ಅಷ್ಟೊತ್ತಿಗೆ ಪ್ರಸ್ತಾಪ ಬಿದ್ದುಹೋಯಿತು. 28 ಸಹಿ ಸಿಗಲೇ ಇಲ್ಲ.

ಸೋಮವಾರ, ಜುಲೈ 18, ಇನ್ನೊಂದು ಪ್ರಯತ್ನ. ನಿಯಮಗಳಿಗೆ ಒಪ್ಪಿಗೆ ತಗೊಳ್ಳುವಾಗ ಸುಮ್ನೆ ಹೌದು-ಇಲ್ಲ ಅಂತ ಕೂಗಿಸಬೇಡಿ, ರಾಜ್ಯವಾರು ಮತಕ್ಕೆ ಹಾಕಿ ಅಂತ ಅರ್ಜಿ ಕೊಟ್ಟರು. ಏಳು ರಾಜ್ಯ ಬೇಕಿತ್ತು, ಒಂಬತ್ತು ರಾಜ್ಯದಿಂದ ಬಂದಿತ್ತು. ವೇದಿಕೆ ಮೇಲೆ ಇದ್ದವರು ಅರ್ಕಾನ್ಸಾ ಸಂಸದ ಸ್ಟೀವ್ ವೊಮ್ಯಾಕ್. ಕೂಗಿಸಿದರು, ಅಂಗೀಕಾರ ಆಯಿತು ಅಂದರು. ಕೆಳಗೆ ರಂಪ. ವೊಮ್ಯಾಕ್ ವೇದಿಕೆಯಿಂದ ಎದ್ದೇ ಹೋದರು. ಕೆಲವು ನಿಮಿಷ ಮೈಕ್ ಮುಂದೆ ಯಾರೂ ಇಲ್ಲ, ಕೆಳಗೆ ಯೂಟಾದ ಸೆನೆಟರ್ ಮೈಕ್ ಲೀ ಸೇರಿ ಎಲ್ಲರೂ ಕಿರುಚ್ತಾ ಇದ್ದಾರೆ, ಇನ್ನೊಂದು ಕಡೆ ಟ್ರಂಪ್ ಹೆಸರಿನ ಘೋಷಣೆ. ವಾಪಸ್ ಬಂದು ಮತ್ತೆ ಕೂಗಿಸಿ, ಮೂರು ರಾಜ್ಯ ಅರ್ಜಿ ಹಿಂದಕ್ಕೆ ತಗೊಂಡಿವೆ, ಉಳಿದದ್ದು ಆರು, ಸಾಲದು ಅಂದರು. ಮುಗೀತು. ಕೊಲೊರಾಡೊದ ಕೆಲವರು ಎದ್ದು ಹೊರಗೆ ನಡೆದರು.

ಇಲ್ಲಿ ಮುಖ್ಯ ಏನು ಅಂದರೆ, ಆ ಪ್ರಯತ್ನವನ್ನು ಹೊಸಕಿದವರು ಟ್ರಂಪ್ ಮನೆಯವರಲ್ಲ. ಪಕ್ಷದ ರಾಷ್ಟ್ರೀಯ ಸಮಿತಿಯವರು, ಅಂದರೆ ಅಸಲಿ ಒಳಗಿನವರು. ಅದರ ಅಧ್ಯಕ್ಷ ರೀನ್ಸ್ ಪ್ರೀಬಸ್ ಇಂಡಿಯಾನಾ ರಾತ್ರಿಯೇ ಟ್ರಂಪ್ ನಮ್ಮ ಅಭ್ಯರ್ಥಿ ಅಂತ ಟ್ವೀಟ್ ಮಾಡಿಯಾಗಿತ್ತು. ಹಾಗಾಗಿ "ಹೈಕಮಾಂಡ್ ಬಂಡಾಯ ಎದ್ದಿತು" ಅನ್ನೋದು ಅರ್ಧ ಸತ್ಯ. ಆಸ್ತಿ, ಕಚೇರಿ, ನಿಯಮ ಪುಸ್ತಕ ಕೈಯಲ್ಲಿ ಇದ್ದವರು ಶರಣಾದರು. ಹೆಸರು, ಗೌರವ ಮಾತ್ರ ಇದ್ದವರು ಬಂಡಾಯ ಎದ್ದರು.

ಹಳೇಪೇಪರ್

ಒಹಾಯೊಕನ್ನಡಿಗ, ತುಂಬಾ ಥ್ಯಾಂಕ್ಸ್. ಕೊನೆಯ ಎರಡು ವಾಕ್ಯಕ್ಕೆ ನನ್ನದೂ ಒಂದು ಸಹಿ.

ಪ್ರೀಬಸ್ ಹೆಸರು ಬಂತಲ್ಲ, ಒಂದು ಮಾತು. 2015ರ ಸೆಪ್ಟೆಂಬರ್‌ನಲ್ಲಿ ಈ ಮನುಷ್ಯ ನ್ಯೂಯಾರ್ಕ್‌ಗೆ ಹೋಗಿ ಟ್ರಂಪ್ ಕೈಲಿ ಒಂದು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿಸಿಕೊಂಡು ಬಂದರು. ಯಾರೇ ಅಭ್ಯರ್ಥಿಯಾದರೂ ಬೆಂಬಲಿಸ್ತೀನಿ, ಸ್ವತಂತ್ರವಾಗಿ ನಿಲ್ಲಲ್ಲ ಅಂತ. ಹೆದರಿಕೆ ಇದ್ದದ್ದು ಟ್ರಂಪ್ ಹೊರಗೆ ಹೋಗಿ ಮತ ಒಡೀತಾನೆ ಅಂತ. ಕೊನೆಗೆ ಆ ಪತ್ರ ಕಟ್ಟಿಹಾಕಿದ್ದು ಉಳಿದವರನ್ನು. ಜೆಬ್ ಬುಷ್, ಕೇಸಿಕ್, ಕ್ರೂಜ್ ಮೂವರೂ ಸಹಿ ಹಾಕಿದವರು. ಆಮೇಲೆ ಇವರು ಬೆಂಬಲ ಕೊಡಲ್ಲ ಅಂದಾಗ ಮಾತಿಗೆ ತಪ್ಪಿದವರು ಅನ್ನಿಸಿಕೊಂಡವರೂ ಇವರೇ.

ಬೆಣ್ಣೆದೋಸೆ

ಕ್ರೂಜ್ ವಿಷಯದಲ್ಲಿ ನನಗೆ ಸ್ವಲ್ಪ ಅನುಕಂಪ ಇದೆ. ಹೆಂಡತಿಯ ಮುಖದ ಬಗ್ಗೆ ಹಂಗಿಸಿ, ಅಪ್ಪನನ್ನು ಕೆನಡಿ ಕೊಲೆಗಾರನ ಜೊತೆ ಗಂಟು ಹಾಕಿ ಮಾತಾಡಿದವನಿಗೆ ಯಾಕೆ ಬೆಂಬಲ ಕೊಡಬೇಕು? ಭಾಷಣದ ಮರುದಿನ ಬೆಳಿಗ್ಗೆ ತಿಂಡಿ ಸಭೆಯಲ್ಲಿ ಟೆಕ್ಸಸ್‌ನ ತನ್ನದೇ ಪ್ರತಿನಿಧಿಗಳು ತರಾಟೆಗೆ ತಗೊಂಡಾಗ ಅದನ್ನೇ ಹೇಳಿದ.

ಅಂಕಿಸಂಖ್ಯೆ

ಹೇಳಿದ. ಸೆಪ್ಟೆಂಬರ್ 23ಕ್ಕೆ ಬೆಂಬಲ ಘೋಷಿಸಿದ. ಎರಡು ತಿಂಗಳು.

ಮೈಸೂರ್‌ಪಾಕ್

ಹೊಸಬ ಇಲ್ಲಿ. ಒಂದು ಪ್ರಶ್ನೆ. ಇದೆಲ್ಲ ಓದಿದರೆ ಪಕ್ಷದವರಿಗೆ ತಡೆಯೋಕೆ ಆಗೋದೇ ಇಲ್ಲ ಅನ್ನಿಸುತ್ತೆ. ಹಾಗಾದರೆ 2024ರಲ್ಲಿ ಡೆಮಾಕ್ರಟರು ಬೈಡನ್‌ನನ್ನು ಹೇಗೆ ಇಳಿಸಿದರು? ಅವರಿಗೂ ಪ್ರೈಮರಿಯಲ್ಲಿ ಜನ ಮತ ಹಾಕಿದ್ದರು ಅಲ್ವಾ?

ಹಳೇಪೇಪರ್

ಸರಿಯಾದ ಪ್ರಶ್ನೆ. ಹಾಕಿದ್ದರು. ಜುಲೈ 8ರಂದು ಬೈಡನ್ ತನ್ನ ಪಕ್ಷದ ಸಂಸದರಿಗೆ ಪತ್ರ ಬರೆದು ಇದೇ ವಾದ ಮಂಡಿಸಿದರು. 1.4 ಕೋಟಿಗೂ ಹೆಚ್ಚು ಜನ, ಶೇ. 87 ಮತ, ಅವರ ತೀರ್ಮಾನಕ್ಕೆ ಬೆಲೆ ಇಲ್ಲವಾ ಅಂತ. ಟ್ರಂಪ್ 2016ರಲ್ಲಿ ಹೇಳ್ತಿದ್ದದ್ದೂ ಬೇರೆ ಏನಲ್ಲ.

ಆದರೆ ಅಲ್ಲಿ ಎರಡು ವ್ಯತ್ಯಾಸ. ಜೂನ್ 27ರ ಟಿವಿ ಚರ್ಚೆಯಲ್ಲಿ ಬೈಡನ್ ತಡವರಿಸಿದ್ದನ್ನು ಮತ ಹಾಕಿದವರೂ ನೋಡಿದರು. ಹಾಗಾಗಿ ದೊಡ್ಡವರು ಬೇಡ ಅಂದಾಗ ಅದು ಮತದಾರರ ವಿರುದ್ಧದ ಮಾತು ಅನ್ನಿಸಲಿಲ್ಲ, ಎಷ್ಟೋ ಜನ ಮನೆಯಲ್ಲಿ ಅದನ್ನೇ ಅಂದುಕೊಳ್ತಿದ್ದರು. ಎರಡನೆಯದು ನನ್ನ ಹಳೇ ರಾಗ. ಬದಲಿ ಹೆಸರು ಕಣ್ಣ ಮುಂದೆಯೇ ಇತ್ತು. ಜುಲೈ 21ರ ಭಾನುವಾರ ಬೈಡನ್ ಹಿಂದೆ ಸರಿದರು, ಕಮಲಾ ಹ್ಯಾರಿಸ್ ಹೆಸರು ಹೇಳಿದರು. ಸೋಮವಾರ ರಾತ್ರಿಯ ಹೊತ್ತಿಗೆ ಬೇಕಾದಷ್ಟು ಪ್ರತಿನಿಧಿಗಳು ಆಕೆಯ ಕಡೆ. ಬೇರೆ ಯಾರೂ ಮೂಗು ತೂರಿಸಲಿಲ್ಲ.

ಜಯನಗರ4ನೇಬ್ಲಾಕ್

ಮತ್ತು ಸೋತರು. 312 – 226.

ಹಳೇಪೇಪರ್

ಸೋತರು, ಒಪ್ತೀನಿ. ನಾನು ಹೇಳ್ತಿರೋದು ಟಿಕೆಟ್ ಬದಲಿಸೋಕೆ ಹೇಗೆ ಆಯಿತು ಅನ್ನೋದನ್ನ ಮಾತ್ರ. ಇನ್ನೊಂದು ವಿಷಯ. ಅಲ್ಲೂ ಬೈಡನ್ ತಾವಾಗಿ ಇಳಿಯದಿದ್ದರೆ ಕಷ್ಟವಿತ್ತು. ಡೆಮಾಕ್ರಟಿಕ್ ನಿಯಮದಲ್ಲಿ ಪ್ರತಿನಿಧಿಗಳು ಆರಿಸಿದವರ ಅಭಿಪ್ರಾಯವನ್ನು ಪ್ರಾಮಾಣಿಕವಾಗಿ, ಆತ್ಮಸಾಕ್ಷಿಯಿಂದ ಪ್ರತಿನಿಧಿಸಬೇಕು ಅಂತ ಇದೆ. ಸ್ವಲ್ಪ ಸಡಿಲ. ಆದರೂ ಹಾಲಿ ಅಧ್ಯಕ್ಷ ಹಟ ಹಿಡಿದು ಕೂತಿದ್ದರೆ ಅವರದೇ ಕಡೆಯವರು ಅಂತ ಆರಿಸಿ ಕಳಿಸಿದ್ದ ಆ ಪ್ರತಿನಿಧಿಗಳನ್ನು ಎಬ್ಬಿಸೋದು ಸುಲಭದ ಕೆಲಸ ಆಗಿರಲಿಲ್ಲ.

ಅಂಕಿಸಂಖ್ಯೆ

1980ರಲ್ಲಿ ಸೆನೆಟರ್ ಟೆಡ್ ಕೆನಡಿ ಅದನ್ನೇ ಮಾಡೋಕೆ ನೋಡಿದ್ದರು. ಆಗಿನ ಅಧ್ಯಕ್ಷ ಕಾರ್ಟರ್ ಕಡೆಯ ಪ್ರತಿನಿಧಿಗಳನ್ನು ಕಟ್ಟಿನಿಂದ ಬಿಡಿಸಿ ಅಂತ ನ್ಯೂಯಾರ್ಕ್ ಸಮಾವೇಶದಲ್ಲಿ ಮತಕ್ಕೆ ಹಾಕಿಸಿದರು, ಸೋತರು.

ಡೆಮಾಕ್ರಟರ ಇನ್ನೊಂದು ಕತೆ 1972. 1968ರಲ್ಲಿ ಒಂದೂ ಪ್ರೈಮರಿಗೆ ನಿಲ್ಲದ ಆಗಿನ ಉಪಾಧ್ಯಕ್ಷ ಹಂಫ್ರಿಗೆ ಟಿಕೆಟ್ ಕೊಟ್ಟು, ಹೊರಗೆ ಶಿಕಾಗೋ ಬೀದಿಯಲ್ಲಿ ಪೊಲೀಸರ ಲಾಠಿ. ಆ ಅವಮಾನಕ್ಕೆ ನಿಯಮ ಬದಲಿಸೋ ಸಮಿತಿ ಮಾಡಿದರು. ಅದರ ಮೊದಲ ಅಧ್ಯಕ್ಷ ಜಾರ್ಜ್ ಮೆಕ್‌ಗವರ್ನ್. ಹೊಸ ನಿಯಮದಲ್ಲಿ ಮೊದಲು ಟಿಕೆಟ್ ಗೆದ್ದವರೂ ಅವರೇ! ಪಕ್ಷದ ಹಳಬರು ಕೈ ಎತ್ತಿದರು. ಮುಂಚಿನಿಂದ ಪಕ್ಷದ ಬೆನ್ನಿಗೆ ಇದ್ದ ದೊಡ್ಡ ಕಾರ್ಮಿಕ ಒಕ್ಕೂಟ ತಟಸ್ಥ ಅಂದಿತು. ಟೆಕ್ಸಸ್‌ನ ಮಾಜಿ ಗವರ್ನರ್ ಜಾನ್ ಕಾನಲಿ, ಆಗಿನ್ನೂ ಡೆಮಾಕ್ರಟ್, ನಿಕ್ಸನ್ ಪರ ಡೆಮಾಕ್ರಟರ ಸಂಘಟನೆಗೆ ಮುಂದಾಳಾದರು. 520 – 17ರಲ್ಲಿ ಸೋಲು. ಆಮೇಲೆ ಹಳಬರು ತಮಗೂ ಒಂದು ಮಾತಿರಲಿ ಅಂತ ಸೂಪರ್ ಡೆಲಿಗೇಟ್ ಅನ್ನೋದನ್ನು, ಅಂದರೆ ಪ್ರೈಮರಿ ಫಲಿತಾಂಶಕ್ಕೆ ಕಟ್ಟುಬೀಳದ ಪಕ್ಷದ ಮುಖಂಡ ಪ್ರತಿನಿಧಿಗಳನ್ನು, 1984ರಿಂದ ತಂದುಕೊಂಡರು. ರಿಪಬ್ಲಿಕನ್ನರ ಹತ್ತಿರ 2016ರಲ್ಲಿ ಆ ಬ್ರೇಕ್ ಇರಲಿಲ್ಲ. ಅವರ ರಾಷ್ಟ್ರೀಯ ಸಮಿತಿಯ 168 ಜನರಲ್ಲಿ ಹೆಚ್ಚಿನವರು ತಂತಮ್ಮ ರಾಜ್ಯದ ಫಲಿತಾಂಶಕ್ಕೇ ಬದ್ಧರು.

ಮೈಸೂರ್‌ಪಾಕ್

ಹಾಗಾದರೆ ಸೂಪರ್ ಡೆಲಿಗೇಟ್ ಇದ್ದಿದ್ದರೂ ಟ್ರಂಪ್‌ಗೇ ಟಿಕೆಟ್ ಸಿಗ್ತಿತ್ತಾ?

ಒಹಾಯೊಕನ್ನಡಿಗ

ಬಹುಶಃ ಸಿಗ್ತಿತ್ತು. ಆ ಬ್ರೇಕೂ ಎಲ್ಲರೂ ಒಂದೇ ಹೆಸರಿನ ಹಿಂದೆ ಸೇರಿದರೆ ಮಾತ್ರ ಕೆಲಸಕ್ಕೆ ಬರುತ್ತೆ. ಇವರಲ್ಲಿ ಕ್ರೂಜ್ ಕಂಡರೆ ಆಗದವರೇ ಅರ್ಧ ಜನ ಇದ್ದರು. ಸಂಸತ್ತಿನ ಕೆಳಮನೆಯ ಆಗಿನ ಸ್ಪೀಕರ್ ಪಾಲ್ ರಯಾನ್‌ನನ್ನು ಕರೆಯೋಣ ಅಂದರೆ ಅವರು ಏಪ್ರಿಲ್‌ನಲ್ಲೇ ನಾನು ಒಲ್ಲೆ ಅಂದರು. ಮೇ 5ಕ್ಕೆ ಟ್ರಂಪ್‌ನನ್ನು ಬೆಂಬಲಿಸೋಕೆ ಇನ್ನೂ ಸಿದ್ಧನಿಲ್ಲ ಅಂದರು. ಜೂನ್ 2ಕ್ಕೆ ತಮ್ಮ ಊರಿನ ಪತ್ರಿಕೆಯಲ್ಲಿ ಲೇಖನ ಬರೆದು ಬೆಂಬಲ ಕೊಟ್ಟರು. ಅಕ್ಟೋಬರ್‌ನಲ್ಲಿ ಟ್ರಂಪ್ ಹೆಂಗಸರ ಬಗ್ಗೆ ಅಸಭ್ಯವಾಗಿ ಮಾತಾಡಿದ್ದ ಹಳೇ ಟೇಪ್ ಹೊರಗೆ ಬಂದ ಮೇಲೆ ಇನ್ನು ಅವನನ್ನು ಸಮರ್ಥಿಸಲ್ಲ ಅಂದರು, ಬೆಂಬಲ ಮಾತ್ರ ವಾಪಸ್ ತಗೊಳ್ಳಲಿಲ್ಲ. ಆ ಹೊತ್ತಿಗೆ ಕೆಲವು ರಾಜ್ಯಗಳಲ್ಲಿ ಮುಂಗಡ ಮತದಾನ ಶುರುವಾಗಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಬೇರೆ ಅಭ್ಯರ್ಥಿ ಅಂತ ಕೊನೆಗೆ ಆಗಸ್ಟ್‌ನಲ್ಲಿ ಬಂದವನು ಇವಾನ್ ಮ್ಯಾಕ್‌ಮಲಿನ್. ಸಿಐಎಯಲ್ಲಿ ಇದ್ದವನು, ಜನಕ್ಕೆ ಹೆಸರೇ ಗೊತ್ತಿಲ್ಲ. ಯೂಟಾದಲ್ಲಿ ಶೇ. 21ರ ಮೇಲೆ ಮತ ಬಂತು, ಅದೂ ಮಾರ್ಮನ್ ಮತದಾರರು ಜಾಸ್ತಿ ಇರೋದರಿಂದ. ಉಳಿದ ಕಡೆ ಲೆಕ್ಕಕ್ಕಿಲ್ಲ.

ಜಯನಗರ4ನೇಬ್ಲಾಕ್

ನೀವೆಲ್ಲ ತಂತ್ರದ ಬಗ್ಗೆ ಮಾತಾಡ್ತಿದ್ದೀರಿ. ನನ್ನ ಪ್ರಶ್ನೆ ಹಾಗೇ ಉಳಿದಿದೆ. ಸೋಲ್ತೀವಿ ಅಂತ ಗೊತ್ತಿದ್ದೂ ಕೊನೆವರೆಗೆ ಇಲ್ಲ ಅಂದವರು ಇದ್ದಾರೆ. 2016ರ ಮಾರ್ಚ್‌ನಲ್ಲಿ ರಿಪಬ್ಲಿಕನ್ ವಿದೇಶಾಂಗ, ರಕ್ಷಣಾ ತಜ್ಞರು ನೂರಕ್ಕೂ ಹೆಚ್ಚು ಜನ ಟ್ರಂಪ್ ವಿರುದ್ಧ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಅವನು ಗೆದ್ದ ಮೇಲೆ ಅವರಲ್ಲಿ ಹೆಚ್ಚಿನವರಿಗೆ ಸರ್ಕಾರದ ಬಾಗಿಲು ಮುಚ್ಚಿತು. ಅವರಿಗೆ ಯಾವ ಲಾಭ ಇತ್ತು?

ಹಳೇಪೇಪರ್

ಅವರ ಬಗ್ಗೆ ನನಗೆ ಗೌರವ ಇದೆ, ಹಕ್ಕಿಲ್ಲ ಅಂತ ನಾನು ಎಲ್ಲೂ ಹೇಳಿಲ್ಲ. ಮತದಾರ ಆರಿಸಿದ ಅಂದ ಮಾತ್ರಕ್ಕೆ ಪಕ್ಷದ ಪ್ರತಿಯೊಬ್ಬರೂ ಕೈ ಮುಗಿಯಬೇಕು ಅಂತೇನಿಲ್ಲ. ನನ್ನ ತಕರಾರು ಅಧಿಕಾರ ಇದ್ದವರ ಮೇಲೆ. ಆ ತಜ್ಞರ ಹತ್ತಿರ ಇದ್ದದ್ದು ಒಂದು ಸಹಿ, ಅದನ್ನು ಕೊಟ್ಟರು. ಸೆನೆಟರ್, ಗವರ್ನರ್, ದೊಡ್ಡ ದೇಣಿಗೆದಾರರ ಹತ್ತಿರ 2015ರಲ್ಲಿ ಬೇರೆ ಏನೇನೋ ಇತ್ತು. 17 ಜನ ಕಣದಲ್ಲಿ ಇದ್ದಾಗ ಹತ್ತು ಜನರನ್ನು ಮನೆಗೆ ಕಳಿಸೋಕೆ ಯಾರೂ ಮುಂದೆ ಬರಲಿಲ್ಲ. ಅವರ ಜಾಹೀರಾತಿನ ದುಡ್ಡು ಸುರಿದಿದ್ದೂ ಒಬ್ಬರ ಮೇಲೊಬ್ಬರು. ಜೆಬ್ ಬುಷ್ ಪರ ಇದ್ದ ಗುಂಪು ರೂಬಿಯೊ ವಿರುದ್ಧ ಖರ್ಚು ಮಾಡಿದ್ದು ಕೋಟಿಗಟ್ಟಲೆ ಡಾಲರ್.

ತುಂಗಾತೀರ

ನಮ್ಮ ಕಡೆ ಇದಕ್ಕೆ ಒಳೇಟು ಅಂತಾರೆ. ಟಿಕೆಟ್ ತಪ್ಪಿದವರು ಅಭ್ಯರ್ಥಿಗೆ ಕೊಡೋದು. ಅಲ್ಲಿ ಟಿಕೆಟ್ ಬರೋ ಮುಂಚೆಯೇ ಒಬ್ಬರಿಗೊಬ್ಬರು ಕೊಟ್ಟುಕೊಂಡಿದ್ದಾರೆ.

ಬೆಣ್ಣೆದೋಸೆ

ಆಮೇಲೆ ಇವರೆಲ್ಲ ಏನಾದರು? ಒಂದು ಪಟ್ಟಿ ಯಾರಾದರೂ ಹಾಕಿ.

ಅಂಕಿಸಂಖ್ಯೆ

ಪೂರ್ತಿ ಪಟ್ಟಿ ಹಾಕೋಕೆ ರಾತ್ರಿ ಆಗುತ್ತೆ, ಕೆಲವರು ಮಾತ್ರ.

ಅರಿಜೋನಾದ ಸೆನೆಟರ್ ಜೆಫ್ ಫ್ಲೇಕ್ ಟ್ರಂಪ್‌ನನ್ನು ಒಪ್ಪಲೇ ಇಲ್ಲ, 2018ರಲ್ಲಿ ಮತ್ತೆ ನಿಲ್ಲಲಿಲ್ಲ. ಸಂಸದೆ ಲಿಜ್ ಚೇನಿ 2016ರಲ್ಲಿ ಟ್ರಂಪ್‌ಗೇ ಮತ ಹಾಕಿದ್ದವರು, 2021ರ ಜನವರಿ 6ರಂದು ಟ್ರಂಪ್ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದ ಮೇಲೆ ತಿರುಗಿಬಿದ್ದರು, 2022ರಲ್ಲಿ ವಯೋಮಿಂಗ್ ಪ್ರೈಮರಿಯಲ್ಲಿ ಹೀನಾಯವಾಗಿ ಸೋತರು. ರಾಮ್ನಿ 2018ರಲ್ಲಿ ಟ್ರಂಪ್‌ನ ಬೆಂಬಲದ ಮಾತನ್ನು ಸ್ವೀಕರಿಸಿ ಸೆನೆಟರ್ ಆದರು, ಎರಡು ವಾಗ್ದಂಡನೆಯಲ್ಲೂ ಅವನ ವಿರುದ್ಧ ಮತ ಹಾಕಿದರು, ಒಂದೇ ಅವಧಿಗೆ ಸಾಕು ಅಂದರು.

ಇನ್ನು ಆ ಕಡೆ. ಸೆನೆಟರ್ ಲಿಂಡ್ಸೆ ಗ್ರಹಾಂ 2016ರಲ್ಲಿ ಮ್ಯಾಕ್‌ಮಲಿನ್‌ಗೆ ಮತ ಹಾಕಿದೆ ಅಂದವರು, ಆಮೇಲೆ ಟ್ರಂಪ್ ಜೊತೆ ಗಾಲ್ಫ್. ಅದೇ ಮ್ಯಾಕ್‌ಮಲಿನ್‌ಗೆ ಮತ ಹಾಕಿದ್ದ ಇನ್ನೊಬ್ಬರು, ಟ್ರಂಪ್‌ನನ್ನು ಕಂಡರೆ ಆಗಲ್ಲ ಅಂತ ಆಗ ಲೇಖನ ಬರೀತಿದ್ದ ಜೆ. ಡಿ. ವ್ಯಾನ್ಸ್, 2024ರ ಉಪಾಧ್ಯಕ್ಷ ಅಭ್ಯರ್ಥಿ. ಫ್ಲೋರಿಡಾದಲ್ಲಿ ಸೋತು ಹೋದ ರೂಬಿಯೊ 2025ರಿಂದ ವಿದೇಶಾಂಗ ಮಂತ್ರಿ.

ಬೆಣ್ಣೆದೋಸೆ

ಪ್ರೀಬಸ್?

ಅಂಕಿಸಂಖ್ಯೆ

ಶ್ವೇತಭವನದ ಸಿಬ್ಬಂದಿ ಮುಖ್ಯಸ್ಥನ ಹುದ್ದೆ ಸಿಕ್ಕಿತು. ಆರು ತಿಂಗಳಲ್ಲಿ ತೆಗೆದುಹಾಕಿದರು, ಅದೂ ಟ್ವೀಟ್‌ನಲ್ಲಿ.

ಜಯನಗರ4ನೇಬ್ಲಾಕ್

ಲಿಜ್ ಚೇನಿ ಸೋತ ಆ ಪ್ರೈಮರಿ ಬಗ್ಗೆ ಬೇರೆ ಎಳೆ ಶುರು ಮಾಡ್ತೀನಿ. ಅಲ್ಲಿ ಡೆಮಾಕ್ರಟರು ಪಕ್ಷ ಬದಲಿಸಿ ಬಂದು ಆಕೆಗೆ ಮತ ಹಾಕಿದ್ದೂ ಇದೆ. ಹಳೇಪೇಪರ್, ಅಲ್ಲಿಗೆ ಬನ್ನಿ, ನಿಮ್ಮ ಜೊತೆ ನನ್ನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.